ಕಾಡಿನ ಗಿಡಕ್ಕೆ ವೈದ್ಯರು ಯಾರು? — ಕೊರಿಯಾದ ಕಾಡು ಈರುಳ್ಳಿಯಿಂದ ಕಲಿಯತಕ್ಕ ಒಂದು ಪಾಠ



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಕೈತೋಟದಲ್ಲಿ ಎಂಟನೆಯ ತರಗತಿಯ ಹುಡುಗಿಯರು ಆರು ಪಾತಿಗಳಲ್ಲಿ ಈರುಳ್ಳಿಯ ಸಸಿಗಳನ್ನು ನೆಟ್ಟರು. ಎಲ್ಲವೂ ಒಂದೇ ಅಂಗಡಿಯಿಂದ ತಂದ ಒಂದೇ ತಳಿಯ ಬೀಜದಿಂದ ಎದ್ದ ಸಸಿಗಳು. ಒಂದೇ ಎತ್ತರ, ಒಂದೇ ಬಣ್ಣ, ನೋಡಿದವರೆಲ್ಲರೂ ಮೆಚ್ಚಿಕೊಂಡರು. ಅನಂತರ ಎಂಟು ದಿನ ಬಿಡದೆ ಮಳೆ ಹಿಡಿಯಿತು. ಒಂಬತ್ತನೆಯ ದಿನ ಎಲೆಗಳ ಮೇಲೆ ಬಿಳಿಯ ಚುಕ್ಕೆಗಳು ಕಾಣಿಸಿಕೊಂಡವು. ಚುಕ್ಕೆಗಳು ಬೆಳೆದು, ನಡುವೆ ನೇರಳೆಯ ಬಣ್ಣ ತಾಳಿ, ಸುತ್ತಲೂ ಹಳದಿಯ ಅಂಚು ಪಡೆದವು. ಎಲೆಗಳು ಮಚ್ಚೆಯಿದ್ದ ಸ್ಥಳದಲ್ಲಿಯೇ ಮುರಿದು ಬಿದ್ದವು. ಮೂರು ವಾರಗಳೊಳಗೆ ಆರು ಪಾತಿಗಳೂ ಹಾಳಾದವು. ರೈತರು ನೇರಳೆ ಮಚ್ಚೆ ರೋಗವೆಂದು ಕರೆಯುವುದು ಇದನ್ನೇ.

ಹುಡುಗಿಯರು ಅತ್ತದ್ದನ್ನು ಇಲ್ಲಿ ಬರೆಯಬೇಕಾಗಿಲ್ಲ. ಆದರೆ ಅವರಲ್ಲಿ ಒಬ್ಬಳು ಮರುದಿನ ಪಾಠದ ಹೊತ್ತಿನಲ್ಲಿ ಎದ್ದು ನಿಂತು, “ಅಮ್ಮನವರೇ, ನಮ್ಮ ಬೇಲಿಯ ಆಚೆ ಕಾಡಿನಲ್ಲಿರುವ ಗಿಡಗಳಿಗೆ ಯಾರೂ ಔಷಧ ಹೊಡೆಯುವುದಿಲ್ಲ. ಅವುಗಳ ಮೇಲೂ ಇದೇ ಮಳೆ ಬಿದ್ದಿತು. ಅವುಗಳಿಗೆ ವೈದ್ಯರು ಯಾರು?” ಎಂದು ಕೇಳಿದಳು. ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಉಪಾಧ್ಯಾಯಿನಿಯರು ಇಂಥ ವೇಳೆಯಲ್ಲಿ ಹೇಳುವಂತೆ “ನಾಳೆ ಹೇಳುತ್ತೇನೆ” ಎಂದೆನು. ಆ ನಾಳೆ ಬರುವುದಕ್ಕೆ ಎರಡು ತಿಂಗಳ ಓದು ಬೇಕಾಯಿತು. ಅಂದು ಅವಳಿಗೆ ಕೊಡಲಾರದ ಉತ್ತರವನ್ನು ಈ ಸಂಚಿಕೆಯ ಮೂಲಕ ಎಲ್ಲರ ಮುಂದೆ ಇಡುತ್ತಿದ್ದೇನೆ.

೧. ರೋಗದ ಸ್ವರೂಪ

ಗಿಡದ ಎಲೆಗೆ ಬರುವ ರೋಗಗಳಲ್ಲಿ ಬಹುಪಾಲು ಶಿಲೀಂಧ್ರಗಳಿಂದ ಬರುವಂಥವು. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದಲ್ಲಿ ಏಳುವ ಅಣಬೆ, ಇವೆಲ್ಲವೂ ಒಂದೇ ಬಳಗಕ್ಕೆ ಸೇರಿದವು. ಇವುಗಳಲ್ಲಿ ಹಸುರು ಇಲ್ಲ. ಆದಕಾರಣ ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳಲಾರವು. ಕೆಲವು ಸತ್ತ ಪದಾರ್ಥಗಳ ಮೇಲೆ ಬದುಕುತ್ತವೆ. ಕೆಲವು ಜೀವವುಳ್ಳ ಗಿಡಗಳಿಂದಲೇ ಕದಿಯುತ್ತವೆ.

ಈರುಳ್ಳಿ ಬೆಳ್ಳುಳ್ಳಿಗಳ ಕುಲಕ್ಕೆ ತಗಲುವ ತುಕ್ಕು ರೋಗವು ಈ ಎರಡನೆಯ ಬಗೆಯದು. ಅದನ್ನುಂಟುಮಾಡುವ ಶಿಲೀಂಧ್ರಕ್ಕೆ ಶಾಸ್ತ್ರಜ್ಞರು ಪುಕ್ಸೀನಿಯ ಅಲ್ಲಿಯೈ ಎಂದು ಹೆಸರಿಟ್ಟಿದ್ದಾರೆ. ರೋಗ ಹಿಡಿದ ಎಲೆಯ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಸಣ್ಣ ಗುಳ್ಳೆಗಳು ಏಳುತ್ತವೆ. ಬೆರಳಿನಿಂದ ಉಜ್ಜಿದರೆ ಕಿತ್ತಳೆಯ ಬಣ್ಣದ ಹುಡಿ ಅಂಟಿಕೊಳ್ಳುತ್ತದೆ. ಆ ಹುಡಿಯ ಒಂದೊಂದು ಕಣವೂ ಒಂದೊಂದು ಬೀಜದಂತೆ. ಗಾಳಿಯೇ ಅದರ ವಾಹನ. ಆರೋಗ್ಯವುಳ್ಳ ಎಲೆಯ ಮೇಲೆ ಅದು ಬಿದ್ದು, ಆ ಎಲೆಯ ಮೇಲೆ ಕೆಲವು ಗಂಟೆಗಳ ಕಾಲ ಮಂಜಿನ ಅಥವಾ ಮಳೆಯ ತೇವ ನಿಂತು, ಹವೆ ತಂಪಾಗಿದ್ದರೆ, ಕಣವು ಮೊಳೆತು ದಾರದಂಥ ಎಳೆಯನ್ನು ಚಾಚುತ್ತದೆ. ಎಲೆಗಳು ಉಸಿರಾಡುವ ರಂಧ್ರಗಳುಂಟಷ್ಟೆ. ಆ ಎಳೆಯು ರಂಧ್ರವನ್ನು ಹುಡುಕಿ ಒಳಹೊಕ್ಕು, ಎಲೆಯ ಜೀವಕೋಶಗಳೊಳಗೆ ತನ್ನ ಹೀರುಕೊಳವೆಗಳನ್ನು ಊರಿ ರಸವನ್ನು ಹೀರುತ್ತದೆ. ಸುಮಾರು ಎರಡು ವಾರಗಳೊಳಗೆ ಹೊಸ ಗುಳ್ಳೆಗಳು ಒಡೆದು ಮತ್ತೆ ಸಾವಿರಾರು ಕಣಗಳು ಗಾಳಿಗೆ ಸೇರುತ್ತವೆ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಈ ಕಣವು ಕಾಲಿಲ್ಲದ ಪ್ರಯಾಣಿಕ. ಅದು ಬೀಳುವ ಸ್ಥಳವನ್ನು ಅದು ಆರಿಸಿಕೊಳ್ಳಲಾರದು. ಅದು ಬಿದ್ದ ಎಲೆಯು ತನಗೆ ಒಗ್ಗುವ ಎಲೆಯಾಗಿದ್ದರೆ ಬದುಕುವುದು. ಒಗ್ಗದ ಎಲೆಯಾಗಿದ್ದರೆ ಅಲ್ಲಿಯೇ ಸಾಯುವುದು. ನಮ್ಮ ಪಾಠವೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

೨. ಕೊರಿಯಾ ದೇಶದ ಬೆಟ್ಟಗಳಲ್ಲಿ

ಹುಡುಗಿಯ ಪ್ರಶ್ನೆಗೆ ಉತ್ತರ ಬೇಕಾದರೆ, ಈರುಳ್ಳಿಯ ನೆಂಟರು ಇಂದಿಗೂ ಕಾಡಿನಲ್ಲಿಯೇ ಬೆಳೆಯುವ ದೇಶವನ್ನು ನೋಡಬೇಕಾಗುತ್ತದೆ. ಅಂಥ ದೇಶಗಳಲ್ಲಿ ಕೊರಿಯಾ ಒಂದು. ಆ ದೇಶದ ಬಹುಭಾಗ ಬೆಟ್ಟಗಳೇ. ಚಳಿಗಾಲದಲ್ಲಿ ಹಿಮ ಬೀಳುವುದು. ಜೂನ್ ತಿಂಗಳ ಕೊನೆಯಿಂದ ಜುಲೈವರೆಗೆ ಬಿಡದ ಮಳೆ ಸುರಿಯುವುದು. ಅಲ್ಲಿಯ ಹೊಲಗಳಲ್ಲಿ ಬೆಳೆಯುವ ಬೆಳ್ಳುಳ್ಳಿಗೂ ಎಲೆಗಾಗಿ ಬೆಳೆಯುವ ಈರುಳ್ಳಿಗೂ ತುಕ್ಕು ರೋಗವು ಪರಿಚಿತವಾದ ಶತ್ರು.

ಬೆಟ್ಟಗಳಲ್ಲಿ ಬೆಳೆಯುವ ಕಾಡು ಜಾತಿಗಳೋ ಹಲವು. ವಸಂತಕಾಲದಲ್ಲಿ ಕೂದಲೆಳೆಯಂಥ ಎಲೆಗಳಿಂದ ಏಳುವ ‘ದಲ್ಲೆ’ಯನ್ನು ಹೆಂಗಸರು ಕಿತ್ತು ಸಾರಿಗೆ ಹಾಕುತ್ತಾರೆ. ಶರತ್ಕಾಲದಲ್ಲಿ ನೇರಳೆಯ ಹೂಗೊಂಡೆಗಳನ್ನು ಬಿಡುವ ‘ಸನ್‌ಬುಚು’ ಬೆಟ್ಟದ ಹುಲ್ಲಿನ ನಡುವೆ ಕಾಣುತ್ತದೆ. ಅಗಲವಾದ ಎಲೆಗಳುಳ್ಳ ಇನ್ನೊಂದಕ್ಕೆ ‘ಸನ್‌ಮನೆಲ್’, ಅಂದರೆ ಬೆಟ್ಟದ ಬೆಳ್ಳುಳ್ಳಿ, ಎಂದು ಹೆಸರು.

ಈ ಬೆಟ್ಟದ ಬೆಳ್ಳುಳ್ಳಿಯ ಹತ್ತಿರದ ಬಂಧುವೊಂದು ಉಲ್ಲುಂಗ್ ಎಂಬ ದ್ವೀಪದಲ್ಲಿ ಬೆಳೆಯುತ್ತದೆ. ಕೊರಿಯಾದ ಪೂರ್ವ ಕರಾವಳಿಯಿಂದ ಸುಮಾರು ೧೩೦ ಕಿಲೋಮೀಟರ್ ದೂರದಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿಯ ದ್ವೀಪವದು. ಎಂದೂ ಭೂಭಾಗಕ್ಕೆ ಸೇರಿದ್ದಲ್ಲ. ಬಹುಕಾಲ ಜನರ ವಾಸಕ್ಕೆ ಮುಚ್ಚಿದ್ದ ಈ ದ್ವೀಪವನ್ನು ಗೋಜೊಂಗ್ ಅರಸನ ಸರಕಾರವು ೧೮೮೨ರಲ್ಲಿ ತೆರೆಯಲು ನಿಶ್ಚಯಿಸಿತು. ೧೮೮೩ರಲ್ಲಿ ಒಕ್ಕಲುಗಳು ಬಂದಿಳಿದವು. ತಂದ ಧಾನ್ಯ ಚಳಿಗಾಲದಲ್ಲಿ ತೀರಿಹೋಗಲು, ಹಸಿದ ಜನರು ಹಿಮದ ಕೆಳಗಿನಿಂದ ಮೊಳೆಯುತ್ತಿದ್ದ ಈ ಸೊಪ್ಪನ್ನು ಅಗೆದು ತಿಂದು ಜೀವವುಳಿಸಿಕೊಂಡರೆಂದು ದ್ವೀಪದವರು ಹೇಳುತ್ತಾರೆ. ಅವರ ಭಾಷೆಯಲ್ಲಿ ‘ಮ್ಯೊಂಗ್’ ಎಂದರೆ ಪ್ರಾಣ. ಆದುದರಿಂದ ಈ ಸೊಪ್ಪಿಗೆ ‘ಮ್ಯೊಂಗಿ’ ಎಂಬ ಹೆಸರು ಬಂದಿತೆಂಬುದು ಐತಿಹ್ಯ. ಈಗ ಅದರ ಎಲೆಯನ್ನು ಸೋಯಾ ರಸದಲ್ಲಿ ನೆನೆಹಾಕಿ ಉಪ್ಪಿನಕಾಯಿಯಂತೆ ಮಾಡಿ ದೇಶದಲ್ಲೆಲ್ಲ ತಿನ್ನುತ್ತಾರೆ.

೩. ಒಡಹುಟ್ಟಿದವರ ಭಿನ್ನತೆ

ಈ ಕಾಡು ಗಿಡಗಳು ದೂರದಿಂದ ನೋಡುವವರಿಗೆ ಒಂದೇ ತೆರನಾಗಿ ಕಾಣುತ್ತವೆ. ವಾಸ್ತವದಲ್ಲಿ ಹಾಗಲ್ಲ. ಈರುಳ್ಳಿಯ ಹೂವಿನಲ್ಲಿ ಪರಾಗವು ಮೊದಲು ಉದುರಿ, ಅದೇ ಹೂವಿನ ಶಲಾಕೆಯು ಅನಂತರ ಪಕ್ವವಾಗುತ್ತದೆ. ಆದಕಾರಣ ಜೇನ್ನೊಣವು ಬೇರೆ ಹೂವಿನ ಪರಾಗವನ್ನು ಹೊತ್ತು ತರುವುದೇ ಅದಕ್ಕೆ ಅನುಕೂಲ. ಹೀಗೆ ಹುಟ್ಟಿದ ಪ್ರತಿಯೊಂದು ಬೀಜದಲ್ಲಿಯೂ ಎರಡು ಮನೆತನಗಳ ಗುಣಗಳು ಹೊಸದಾಗಿ ಬೆರೆತಿರುತ್ತವೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳಿಗೆ ಅಜ್ಜಿಯ ಕಣ್ಣು, ಇನ್ನೊಬ್ಬಳಿಗೆ ಸೋದರತ್ತೆಯ ಕಂಠ ಬರುವಂತೆ.

ರೋಗವನ್ನು ತಡೆಯುವ ಶಕ್ತಿಯೂ ಹೀಗೆ ವಂಶದಲ್ಲಿ ಬರುವ ಗುಣವೆಂಬುದನ್ನು ೧೯೦೫ರಲ್ಲಿ ಕೇಂಬ್ರಿಜಿನ ಬಿಫನ್ ಎಂಬವರು ಗೋದಿಯಲ್ಲಿ ತೋರಿಸಿಕೊಟ್ಟರು. ತುಕ್ಕು ಹಿಡಿಯದ ಗೋದಿಯನ್ನು ತುಕ್ಕು ಹಿಡಿಯುವ ಗೋದಿಯೊಡನೆ ಕೂಡಿಸಿದಾಗ, ಎರಡನೆಯ ತಲೆಮಾರಿನಲ್ಲಿ ನಾಲ್ಕು ಗಿಡಗಳಲ್ಲಿ ಒಂದರಂತೆ ಆರೋಗ್ಯವುಳ್ಳವು ಬಂದವು. ಬಟಾಣಿಯಲ್ಲಿ ಮೆಂಡಲ್ ಕಂಡ ಲೆಕ್ಕವೇ ಇದು. ೧೯೪೦ರ ದಶಕದಲ್ಲಿ ಅಮೆರಿಕದ ಫ್ಲೋರ್ ಎಂಬವರು ಅಗಸೆಯ ತುಕ್ಕನ್ನು ಪರೀಕ್ಷಿಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡದಲ್ಲಿ ರೋಗವನ್ನು ತಡೆಯುವ ಒಂದೊಂದು ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಸರಿಯಾದ ಒಂದೊಂದು ವಂಶವಾಹಿಯುಂಟು ಎಂದು ಅವರು ಕಂಡುಹಿಡಿದರು. ಗಿಡವು ಬೀಗ ಹಾಕುತ್ತದೆ. ಶಿಲೀಂಧ್ರವು ಕಾಲಕ್ರಮದಲ್ಲಿ ಮಾರ್ಪಟ್ಟು ಬೀಗದ ಕೈ ಪಡೆಯುತ್ತದೆ. ಬೀದಿಯ ಎಲ್ಲ ಮನೆಗಳಿಗೂ ಒಂದೇ ಬೀಗವಿದ್ದರೆ, ಒಂದು ಕೈ ಸಿಕ್ಕಿದ ಕಳ್ಳನಿಗೆ ಬೀದಿಯೆಲ್ಲವೂ ತೆರೆದಂತೆಯೇ. ಪ್ರತಿಯೊಂದು ಮನೆಗೂ ಬೇರೆ ಬೇರೆ ಬೀಗವಿದ್ದರೆ, ಅವನು ಒಂದೆರಡು ಮನೆಗಳನ್ನು ದೋಚಿಯಾನು, ಬೀದಿಯನ್ನಲ್ಲ.

ಬೇರೆ ಬೇರೆ ಕಣಿವೆಗಳ ಕಾಡು ಈರುಳ್ಳಿಯ ಎಲೆಗಳನ್ನು ತಂದು, ಅವುಗಳ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಎಷ್ಟು ಬಗೆಯ ಭಿನ್ನತೆ ಉಳಿದಿದೆಯೆಂದು ಇಂದಿನ ಸಸ್ಯಶಾಸ್ತ್ರಜ್ಞರು ಅಳೆಯುತ್ತಾರೆ. ಆ ಕಣಿವೆಗಳ ಬೀಜದಿಂದ ಸಸಿಗಳನ್ನೆಬ್ಬಿಸಿ, ಅವುಗಳ ಮೇಲೆ ರೋಗದ ಕಣಗಳನ್ನು ಸಿಂಪಡಿಸಿ, ಯಾವುದು ಬದುಕುವುದು ಯಾವುದು ಬಾಡುವುದು ಎಂದು ಎಣಿಸುವುದೂ ಉಂಟು. ಇದು ಕೇವಲ ಕುತೂಹಲದ ಕೆಲಸವಲ್ಲ. ಮನೆಯಲ್ಲಿ ಎಷ್ಟು ಬಗೆಯ ಬೀಗಗಳಿವೆಯೆಂದು ಕತ್ತಲಾಗುವುದಕ್ಕೆ ಮುಂಚೆ ನೋಡಿಕೊಳ್ಳುವ ಕೆಲಸ.

೪. ಬೆಳ್ಳುಳ್ಳಿಯ ಎಚ್ಚರಿಕೆ

ಭಿನ್ನತೆಯಿಲ್ಲದಿದ್ದರೆ ಏನಾಗುವುದೆಂದು ತಿಳಿಯಲು ನಮ್ಮ ಅಡಿಗೆಮನೆಯ ಬೆಳ್ಳುಳ್ಳಿಯನ್ನೇ ನೋಡಬಹುದು. ನಾವು ಬೆಳ್ಳುಳ್ಳಿಯನ್ನು ಬೀಜದಿಂದ ಬೆಳೆಯುವುದಿಲ್ಲ. ಎಸಳನ್ನು ಬಿಡಿಸಿ ನೆಡುತ್ತೇವೆ. ಎಸಳಿನಿಂದ ಬಂದ ಗಿಡವು ತಾಯಿಯ ಮಗಳಲ್ಲ, ತಾಯಿಯೇ. ಸಾವಿರಾರು ವರ್ಷ ಹೀಗೆ ಬೆಳೆಸಿದುದರಿಂದ ಬೆಳ್ಳುಳ್ಳಿಯು ಬೀಜ ಕಟ್ಟುವ ಅಭ್ಯಾಸವನ್ನೇ ಬಹುಮಟ್ಟಿಗೆ ಕಳೆದುಕೊಂಡಿದೆ. ೧೯೯೮ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬೆಳ್ಳುಳ್ಳಿ ಹೊಲಗಳಿಗೆ ತುಕ್ಕು ರೋಗ ಬಿದ್ದಾಗ, ಒಂದು ಗಿಡಕ್ಕೆ ಒಗ್ಗಿದ ಕಣವು ಪಕ್ಕದ ಗಿಡಕ್ಕೂ, ಅದರ ಪಕ್ಕದ ಗಿಡಕ್ಕೂ ಒಗ್ಗಿತು. ಇಳುವರಿಯು ಸುಮಾರು ಅರ್ಧಕ್ಕೆ ಇಳಿಯಿತು. ಬೀಜ ಕಟ್ಟುವ ಬೆಳ್ಳುಳ್ಳಿಯನ್ನು ಹುಡುಕಿಕೊಂಡು ಜಪಾನಿನ ಎಟೋ ಎಂಬ ವಿದ್ವಾಂಸರು ೧೯೮೦ರ ದಶಕದಲ್ಲಿ ಮಧ್ಯ ಏಷ್ಯಕ್ಕೆ, ಆ ಗಿಡದ ತೌರಿಗೆ, ಹೋಗಬೇಕಾಯಿತು. ಅಲ್ಲಿ ಅಂಥ ಗಿಡಗಳು ಇನ್ನೂ ಉಳಿದಿದ್ದವು.

೫. ನಮ್ಮ ಕಾಫಿಯ ಕಥೆ

ಇದು ದೂರದೇಶಗಳ ಸುದ್ದಿ ಮಾತ್ರವೆಂದು ಯಾರೂ ತಿಳಿಯಬಾರದು. ಮಲೆನಾಡಿನ ಕಾಫಿ ತೋಟಗಳಿಂದ ಬಂದ ಹುಡುಗಿಯರು ನಮ್ಮ ವಸತಿಗೃಹದಲ್ಲಿ ಎಂದೂ ಇದ್ದಾರೆ. ಅವರ ಮನೆಗಳಲ್ಲಿ ಎಲೆತುಕ್ಕಿನ ಹೆಸರನ್ನು ಕೇಳದವರಿಲ್ಲ. ಬಾಬಾ ಬುಡನ್ ಅವರು ಅರಬ್ಬರ ನಾಡಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಐತಿಹ್ಯದ ಲೆಕ್ಕ ಹೇಗಾದರೂ ಇರಲಿ, ಅರೇಬಿಕಾ ಕಾಫಿಯು ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುವ ಗಿಡ. ಕೆಲವೇ ಗಿಡಗಳ ಸಂತಾನವು ದೇಶದೇಶಗಳ ತೋಟಗಳನ್ನು ತುಂಬಿತ್ತು. ೧೮೬೯ರಲ್ಲಿ ಸಿಂಹಳದಲ್ಲಿ ಎಲೆತುಕ್ಕು ಕಾಣಿಸಿಕೊಂಡಿತು. ಇಪ್ಪತ್ತು ವರ್ಷಗಳೊಳಗೆ ಆ ದ್ವೀಪದ ಕಾಫಿ ವ್ಯಾಪಾರವೇ ಮುರಿದುಬಿದ್ದು, ತೋಟದವರು ಚಹಾ ನೆಟ್ಟರು. ರೋಗವು ನಮ್ಮ ನಾಡಿನ ತೋಟಗಳನ್ನೂ ಬಿಡಲಿಲ್ಲ.

೧೯೧೧ರಲ್ಲಿ ಮೈಸೂರು ಸೀಮೆಯ ಒಂದು ತೋಟದಲ್ಲಿ ಕೆಂಟ್ ಎಂಬ ತೋಟಗಾರರು ರೋಗಪೀಡಿತ ಗಿಡಗಳ ನಡುವೆ ಹಸುರಾಗಿ ನಿಂತಿದ್ದ ಗಿಡವನ್ನು ಗುರುತಿಸಿದರು. ಅದರ ಸಂತಾನವು ಕೆಂಟ್ಸ್ ಎಂಬ ಹೆಸರಿನಿಂದ ತೋಟತೋಟಕ್ಕೆ ಹರಡಿತು. ಹರಡಿದುದೇ ಅದಕ್ಕೆ ಮುಳುವಾಯಿತು. ಕೆಲವು ವರ್ಷಗಳಲ್ಲಿ ಆ ಒಂದು ಬೀಗವನ್ನು ತೆರೆಯಬಲ್ಲ ತುಕ್ಕಿನ ಹೊಸ ಬಗೆ ಹುಟ್ಟಿಕೊಂಡಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಹತ್ತಿರ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದವರು, ಲೈಬೀರಿಕಾ ಎಂಬ ಬೇರೆ ಜಾತಿಯ ರಕ್ತವುಳ್ಳ ಗಿಡವೊಂದನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ, ೧೯೪೦ರ ದಶಕದಲ್ಲಿ ಎಸ್. ೭೯೫ ಎಂಬ ತಳಿಯನ್ನು ಕೊಟ್ಟರು. ಇಂದಿಗೂ ಅನೇಕ ತೋಟಗಳಲ್ಲಿ ಅದು ಬೆಳೆಯುತ್ತಿದೆ. ಅದಕ್ಕೂ ತುಕ್ಕು ತಗಲದೆ ಇಲ್ಲ. ಒಂದು ಬೀಗವನ್ನು ಹಾಕಿ ನಿಶ್ಚಿಂತರಾಗಿ ಮಲಗುವ ಕಾಲವು ಎಂದಿಗೂ ಬರಲಾರದು.

೬. ಕಾಡಿನ ಬಂಧುವಿನ ಉಪಕಾರ

ಇಂಥ ಕಷ್ಟಕಾಲದಲ್ಲಿ ಊರಿನ ಬೆಳೆಗೆ ಕಾಡಿನ ಬಂಧುವು ನೆರವಾಗುತ್ತದೆ. ಈರುಳ್ಳಿಗೆ ಬರುವ ಇನ್ನೊಂದು ಎಲೆರೋಗ, ಬೂಜು ತುಪ್ಪಟ ರೋಗ. ಅದನ್ನು ತರುವ ಜೀವಿಯು ನಿಜವಾದ ಶಿಲೀಂಧ್ರವಲ್ಲದಿದ್ದರೂ ನಡತೆಯಲ್ಲಿ ಅದನ್ನೇ ಹೋಲುತ್ತದೆ. ಊರಿನ ಈರುಳ್ಳಿಗಳಲ್ಲಿ ಅದನ್ನು ಪೂರ್ಣವಾಗಿ ತಡೆಯುವ ಗುಣವು ದೊರೆಯದಿರಲು, ನಮ್ಮ ದೇಶದ ವಾಯವ್ಯ ಹಿಮಾಲಯದ ಕಾಡು ಜಾತಿಯಾದ ಅಲಿಯಂ ರಾಯ್ಲೈಯಲ್ಲಿ ಅದು ದೊರೆಯಿತು. ಹಾಲೆಂಡಿನ ಶಾಸ್ತ್ರಜ್ಞರು ಎರಡನ್ನೂ ಕೂಡಿಸಿದರು. ಆದರೆ ಆ ಒಳ್ಳೆಯ ಗುಣಕ್ಕೆ ಅಂಟಿಕೊಂಡೇ ಸಸಿಯನ್ನು ಕೊಲ್ಲುವ ಇನ್ನೊಂದು ಗುಣವೂ ಬಂದಿತು. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದಕ್ಕೆ ಸುಮಾರು ಇಪ್ಪತ್ತು ವರ್ಷಗಳ ತಾಳ್ಮೆ ಬೇಕಾಯಿತು. ಹಿಮಾಲಯದ ಆ ಹುಲ್ಲಿನಂಥ ಗಿಡವು ಯಾರೂ ಅರಿಯುವ ಮುಂಚೆಯೇ ನಾಶವಾಗಿದ್ದರೆ ಈ ಪ್ರಯತ್ನಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಭಿನ್ನತೆಯನ್ನು ಹೊಲದಲ್ಲಿಯೂ ಉಪಯೋಗಿಸಬಹುದೆಂಬುದಕ್ಕೆ ಚೀನಾ ದೇಶದ ಯುನ್ನಾನ್ ಪ್ರಾಂತವು ಸಾಕ್ಷಿ. ಅಲ್ಲಿ ಬೆಂಕಿ ರೋಗಕ್ಕೆ ಬೇಗ ಬಲಿಯಾಗುವ ಅಂಟು ಭತ್ತವನ್ನು ರೋಗ ತಡೆಯುವ ಭತ್ತದ ಸಾಲುಗಳ ನಡುವೆ ಬೆರೆಸಿ ನೆಟ್ಟು ಸಾವಿರಾರು ರೈತರ ಗದ್ದೆಗಳಲ್ಲಿ ಪರೀಕ್ಷಿಸಿದರು. ೨೦೦೦ದಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಒಂಟಿಯಾಗಿ ಬೆಳೆದ ಅಂಟು ಭತ್ತಕ್ಕಿಂತ ಬೆರೆಸಿ ಬೆಳೆದುದರಲ್ಲಿ ರೋಗವು ಶೇಕಡ ೯೪ರಷ್ಟು ಕಡಿಮೆಯಾಗಿ, ಇಳುವರಿಯು ಶೇಕಡ ೮೯ರಷ್ಟು ಹೆಚ್ಚಿತು.

೭. ಹುಡುಗಿಯ ಪ್ರಶ್ನೆಗೆ ಉತ್ತರ

ಈಗ ಆ ಹುಡುಗಿಗೆ ಉತ್ತರ ಹೇಳಬಲ್ಲೆನು. ಕಾಡಿನ ಗಿಡಕ್ಕೆ ವೈದ್ಯರಿಲ್ಲ. ಕಾಡಿನಲ್ಲಿ ಗಿಡಗಳಿಗೆ ರೋಗ ಬರುವುದಿಲ್ಲವೆಂದೂ ಅವು ಸಾಯುವುದಿಲ್ಲವೆಂದೂ ಅಲ್ಲ, ಬರುತ್ತದೆ, ಸಾಯುತ್ತವೆ. ಆದರೆ ಎಲ್ಲವೂ ಒಮ್ಮೆಗೇ ಸಾಯುವುದು ಅಪರೂಪ. ಒಂದರ ಪಕ್ಕದಲ್ಲಿ ಬೇರೆ ಜಾತಿಯ ಗಿಡ ನಿಂತಿರುತ್ತದೆ. ತನ್ನದೇ ಜಾತಿಯದು ನಿಂತಿದ್ದರೂ ಅದರ ಗುಣ ಬೇರೆ. ಕಣವು ಒಗ್ಗದ ಎಲೆಗಳ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಉಳಿದವು ಬೀಜ ಕಟ್ಟಿ ಮುಂದಿನ ವರ್ಷದ ಕಾಡನ್ನು ಮಾಡುತ್ತವೆ. ಪರಸ್ಪರರ ಭಿನ್ನತೆಯೇ ಅವುಗಳ ಔಷಧ.

ಈ ಔಷಧವು ಎಂದೆಂದಿಗೂ ಇರುವುದೆಂದು ನೆಚ್ಚಿಕೊಳ್ಳಲಾಗದು. ಉಲ್ಲುಂಗ್ ದ್ವೀಪದ ಪ್ರಾಣದ ಸೊಪ್ಪು ರುಚಿಯೆಂಬ ಕೀರ್ತಿ ಪಡೆದುದರಿಂದಲೇ ಬೆಟ್ಟದಿಂದ ಅಗೆಯಲ್ಪಟ್ಟಿತು. ಬೀಜದಿಂದ ಎಲೆ ಕೀಳುವಷ್ಟು ಬೆಳೆಯುವುದಕ್ಕೆ ಅದಕ್ಕೆ ನಾಲ್ಕೈದು ವರ್ಷಗಳು ಬೇಕು. ಕೀಳುವುದಕ್ಕೆ ಒಂದು ನಿಮಿಷ ಸಾಕು. ಒಂದು ಕಣಿವೆಯ ಗಿಡಗಳು ಮುಗಿದರೆ ಆ ಕಣಿವೆಯ ಬೀಗಗಳೂ ಅವುಗಳೊಡನೆ ಹೋದವು. ಹೊಲಕ್ಕೆ ತಂದು ಬೆಳೆಸುವುದು ಬೆಟ್ಟದ ಮೇಲಿನ ಹೊರೆಯನ್ನು ಇಳಿಸುವುದರಿಂದ ಒಳ್ಳೆಯದೇ ಸರಿ. ಆದರೆ ಚೆನ್ನಾಗಿ ಕಂಡ ಒಂದೆರಡು ಗಿಡಗಳಿಂದಲೇ ಹೊಲವನ್ನೆಲ್ಲ ತುಂಬಿದರೆ, ನಮ್ಮ ಆರು ಪಾತಿಗಳ ಕಥೆಯೇ ಅಲ್ಲಿಯೂ ಆದೀತು. ಆದುದರಿಂದ ಬೆಟ್ಟದ ಗಿಡವು ಬೆಟ್ಟದಲ್ಲಿಯೂ ಉಳಿಯಬೇಕು, ಅನೇಕ ಕಣಿವೆಗಳ ಬೀಜವು ಹೊಲಕ್ಕೂ ಬರಬೇಕು.

ಕಡೆಯದಾಗಿ ಒಂದು ಬೇಡಿಕೆ. ಬರುವ ವರ್ಷ ಅದೇ ಆರು ಪಾತಿಗಳಲ್ಲಿ ಬೇರೆ ಬೇರೆ ಊರುಗಳ ಈರುಳ್ಳಿಯನ್ನು ಬೆರೆಸಿ ಬಿತ್ತಬೇಕೆಂದು ಹುಡುಗಿಯರು ನಿಶ್ಚಯಿಸಿದ್ದಾರೆ. ಬೆರೆಸಿದ ಮಾತ್ರಕ್ಕೆ ನೇರಳೆ ಮಚ್ಚೆ ಮಾಯವಾಗುವುದೆಂದು ನಾನು ಅವರಿಗೆ ಮಾತುಕೊಟ್ಟಿಲ್ಲ. ಆರೂ ಪಾತಿಗಳು ಒಂದೇ ಬಗೆಯಾಗಿ ಬಾಡುವುವೋ ಇಲ್ಲವೋ ನೋಡೋಣವೆಂದಿದ್ದೇನೆ. ನಿಮ್ಮ ಮನೆಯ ಹಿತ್ತಿಲಿನಲ್ಲಿ ಅಜ್ಜಿಯ ಕಾಲದಿಂದ ಉಳಿದುಬಂದ ಈರುಳ್ಳಿಯ ಬೀಜವಿದ್ದರೆ, ಒಂದು ಚಿಟಿಕೆಯಷ್ಟನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಊರಿನ ಹೆಸರನ್ನೂ ಅದನ್ನು ಉಳಿಸಿದವರ ಹೆಸರನ್ನೂ ಬರೆದು, ಶಾಲೆಗೆ ಕಳುಹಿಸಿಕೊಡಿರಿ. ಪ್ರಶ್ನೆ ಕೇಳಿದ ಹುಡುಗಿಯೇ ಅವುಗಳ ಪಟ್ಟಿಯನ್ನು ಇಡುವಳು. ಮಳೆಗಾಲ ಮುಗಿದ ಬಳಿಕ ಯಾವ ಊರಿನದು ನಿಂತಿತು, ಯಾವುದು ಬಿದ್ದಿತು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಅವಳ ಕೈಯಿಂದಲೇ ಬರೆಯಿಸುವೆನು.